ತಿಪ್ಪೆ ಪಾರ್ಕು

ನಮ್ಮ ಊರಿಗೆ ಹೊಸದಾಗಿ ಬಂದವರು ಲಾರಿಯಿಂದ ಸಾಮಾನು ಇಳಿಸುವ ಮೊದಲೇ ಕೇಳುವ ಪ್ರಶ್ನೆ ಒಂದೇ. "ಮಕ್ಕಳನ್ನ ಕರ್ಕೊಂಡು ಹೋಗೋಕೆ ಇಲ್ಲಿ ಒಳ್ಳೆ ಪಾರ್ಕು ಯಾವುದ್ರೀ?" ಕೇಳಿಸಿಕೊಂಡವರು ಮುಖ ಸಿಂಡರಿಸಿ, "ಅಯ್ಯೋ, ಈ ಊರಲ್ಲಿ ಒಳ್ಳೆ ಪಾರ್ಕಾ? ಎಲ್ಲಾ ದರಿದ್ರಗಳು" ಎನ್ನುತ್ತಾರೆ. ಹೊಸಬರು ಪೆಚ್ಚಾಗಿ ಒಳಗೆ ಹೋಗಿ ಮಕ್ಕಳ ಕೈಗೆ ಮೊಬೈಲು ಕೊಟ್ಟು ಕೂರಿಸುತ್ತಾರೆ. ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಹೀಗೇ ಪೆಚ್ಚಾದವಳು. ಇಲ್ಲಿ ಬೈಗುಳವನ್ನು ಪೂರ್ತಿ ಕೇಳಿಸಿಕೊಳ್ಳಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಪಾರ್ಕನ್ನು ಹೊಗಳಿದರೆ ಅದು ಸೊರಗುತ್ತದೆ. ಯಾರಾದರೂ ಬಾಯಿಬಿಟ್ಟು "ಎಷ್ಟು ಚೆನ್ನಾಗಿದೆ" ಎಂದರೆ ಸಂಜೆಯ ಹೊತ್ತಿಗೆ ಹುಲ್ಲು ಹಳದಿಯಾಗುತ್ತದೆ, ಬೆಳಿಗ್ಗೆ ಉಯ್ಯಾಲೆ ಕಿರುಗುಟ್ಟಲು ಶುರುಮಾಡುತ್ತದೆ, ನಲ್ಲಿಯ ನೀರು ಸಪ್ಪಗಾಗುತ್ತದೆ. ಬಸ್‌ಸ್ಟ್ಯಾಂಡಿನ ಹಿಂದಿದ್ದ ಪಾರ್ಕಿಗೆ ಮುನಿಸಿಪಾಲಿಟಿಯವರು ಸಂಭ್ರಮ ತಡೆಯಲಾರದೆ 'ನಂದನವನ' ಎಂದು ಹೆಸರಿಟ್ಟು, ಗೇಟಿನ ಮೇಲೆ ಬಣ್ಣದ ಅಕ್ಷರಗಳಲ್ಲಿ ಬರೆಸಿದರು. ಉದ್ಘಾಟನೆಯ ದಿನ ಹೊರಗಿನಿಂದ ಬಂದ ದೊಡ್ಡವರು ಮೈಕು ಹಿಡಿದು ಸರದಿಯ ಮೇಲೆ ಹೊಗಳಿದರು. ಕೊನೆಯ ಭಾಷಣ ಮುಗಿಯುವಷ್ಟರಲ್ಲಿ ಕಾರಂಜಿ ನಿಂತುಹೋಗಿತ್ತಂತೆ. ಈಗ ಅಲ್ಲಿ ಲಾರಿಗಳು ನಿಲ್ಲುತ್ತವೆ.

ಅಂದಿನಿಂದ ಜನ ಎಚ್ಚೆತ್ತುಕೊಂಡರು. ಹಿಂದೆಲ್ಲ ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಮಗುವಿಗೆ ತಿಪ್ಪ, ಕಲ್ಲ, ಗುಂಡ ಎಂದು ಹೆಸರಿಟ್ಟು ಕೆಟ್ಟ ಕಣ್ಣು ತಪ್ಪಿಸುತ್ತಿದ್ದರಲ್ಲ, ಹಾಗೆ ಉಳಿದ ಪಾರ್ಕುಗಳಿಗೆಲ್ಲ ಹೆಸರು ಬದಲಾಯಿಸಿದರು. ಮುಳ್ಳು ಪಾರ್ಕಿನಲ್ಲಿ ಒಂದು ಮುಳ್ಳಿಲ್ಲ. ಬೋಳು ಪಾರ್ಕಿನಲ್ಲಿ ಬಿಸಿಲು ನೆಲಕ್ಕೆ ಬೀಳದಷ್ಟು ಮರಗಳು. ನಮ್ಮ ಮನೆಯ ಹತ್ತಿರ ಇರುವುದು ತಿಪ್ಪೆ ಪಾರ್ಕು. ಅಲ್ಲಿ ಯಾವ ಕಾಲದಲ್ಲೂ ತಿಪ್ಪೆ ಇರಲಿಲ್ಲ.

ಬೈಯುವುದರಲ್ಲೂ ತಾರತಮ್ಯವಿದೆ. "ಮುಳ್ಳು ಪಾರ್ಕಿಗಾ? ಹೋಗಿ, ಸೊಳ್ಳೆ ಕಚ್ಚಿಸ್ಕೊಂಡು ಬನ್ನಿ" ಎಂದರೆ ಸುಮಾರಾಗಿದೆ ಎಂದು ಅರ್ಥ. "ಬೋಳು ಪಾರ್ಕಿನ ಹೆಸರೆತ್ತಬೇಡಿ, ನಮ್ಮ ಹುಡುಗ ಅಲ್ಲಿಗೆ ಹೋಗೋಕೆ ಶುರುಮಾಡಿ ಊಟ ತಿಂಡಿ ಬಿಟ್ಟಿದಾನೆ" ಎಂದರೆ ಚೆನ್ನಾಗಿದೆ. ಹೆಸರು ಕೇಳಿದ್ದೇ ತಡ, ಹೆಂಗಸರು ಸೆರಗು ಸಿಕ್ಕಿಸಿಕೊಂಡು, ಒಬ್ಬರ ಮಾತನ್ನು ಇನ್ನೊಬ್ಬರು ಕಸಿದುಕೊಂಡು ಬೈಯಲು ನಿಂತರೆ ಅಂಥ ಪಾರ್ಕಿಗೆ ಮಕ್ಕಳನ್ನು ಕಣ್ಣುಮುಚ್ಚಿ ಕರೆದುಕೊಂಡು ಹೋಗಬಹುದು. ತಿಪ್ಪೆ ಪಾರ್ಕಿಗೆ ಬೀಳುವಷ್ಟು ಬೈಗುಳ ಬೇರೆ ಯಾವುದಕ್ಕೂ ಬೀಳುವುದಿಲ್ಲ. ನಿಜವಾಗಿ ಕೆಟ್ಟಿರುವ ಪಾರ್ಕಿನ ಬಗ್ಗೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. "ಹೂಂ, ಇದೆ" ಎಂದು ಸುಮ್ಮನಾಗುತ್ತಾರೆ.

ಸೊರಗುವುದು ಪಾರ್ಕು ಮಾತ್ರ. ಆದರೂ ಯಾಕೆ ಬೇಕು ಎಂದು ಜನ ಎಲ್ಲದಕ್ಕೂ ಅದನ್ನೇ ರೂಢಿ ಮಾಡಿಕೊಂಡಿದ್ದಾರೆ. ನನ್ನ ಅತ್ತೆ ತುಂಗಮ್ಮನವರು ಈ ವಿದ್ಯೆಯಲ್ಲಿ ಊರಿಗೇ ದೊಡ್ಡವರು. ನಾನು ಮದುವೆಯಾಗಿ ಬಂದು ಮಾಡಿದ ಮೊದಲ ಸಾರನ್ನು ಬಾಯಿಗಿಟ್ಟು, "ಇದೇನೇ ವಾರಿಜಾ, ಕಲಗಚ್ಚು" ಎಂದರು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. 'ಅತ್ತೆ' ಎಂಬ ಪದಕ್ಕೆ ಎರಡು ಅರ್ಥ ಯಾಕೆ ಇದೆ ಎಂದು ಆವತ್ತು ತಿಳಿಯಿತು. ಕಣ್ಣೊರೆಸಿಕೊಂಡು ಹೊರಗೆ ಬಂದು ನೋಡಿದರೆ ಸಾರಿನ ಪಾತ್ರೆ ಖಾಲಿ. ಅಂದಿನಿಂದ ಇಂದಿನವರೆಗೂ ದಿನವೂ ಕಲಗಚ್ಚು, ದಿನವೂ ಪಾತ್ರೆ ಖಾಲಿ. ನನಗೆ ಅರ್ಥವಾಗುತ್ತದೆ. ಆದರೂ ಪರವೂರಿನಲ್ಲಿ ಹುಟ್ಟಿದ ಕಿವಿ ನನ್ನದು. ಒಂದೇ ಒಂದು ಸಲ ಅವರ ಬಾಯಲ್ಲಿ ಚೆನ್ನಾಗಿದೆ ಎಂಬ ಮಾತು ಕೇಳಬೇಕೆಂಬ ಆಸೆ ಹೋಗಿಲ್ಲ.

ನನ್ನ ಮಗಳು ಚಾರುವಿಗೆ ಆಗ ಏಳು ವರ್ಷ. ಅವಳ ಪ್ರಪಂಚವೆಂದರೆ ತಿಪ್ಪೆ ಪಾರ್ಕಿನ ಜಾರುಬಂಡೆ. ಅದು ಅಂಗಡಿಯಿಂದ ತಂದು ನಿಲ್ಲಿಸಿದ ಜಾರುಬಂಡೆಯಲ್ಲ, ನಿಜವಾದ ಬಂಡೆ. ಎಷ್ಟೋ ತಲೆಮಾರಿನ ಮಕ್ಕಳು ಕೂತು ಜಾರಿ ಜಾರಿ ಕನ್ನಡಿಯಾಗಿರುವ ಕರಿಬಂಡೆ. ಪಕ್ಕದಲ್ಲಿ ಹತ್ತಲು ಕಡಿದ ಮೆಟ್ಟಿಲು, ಮೇಲೆ ಒಂದು ಹೊಂಗೆ ಮರದ ನೆರಳು. ಚಾರು ದಿನಾ ಸಂಜೆ ಮೆಟ್ಟಿಲು ಹತ್ತಿ ತುದಿಯಲ್ಲಿ ಕೂರುತ್ತಾಳೆ. ಕೆಳಗೆ ನೋಡುತ್ತಾಳೆ. ಮತ್ತೆ ಮೆಟ್ಟಿಲಿನಿಂದಲೇ ಇಳಿದು ಬಂದು, "ನಾಳೆ ಜಾರ್ತೀನಮ್ಮಾ" ಎನ್ನುತ್ತಾಳೆ. ಉಳಿದ ಹುಡುಗರು ನಗುವುದನ್ನೂ ಬಿಟ್ಟಿದ್ದರು. ನನಗೆ ಆ ನಾಳೆಯನ್ನು ನೋಡಬೇಕಿತ್ತು. ಅಷ್ಟರವರೆಗೆ ಆ ಬಂಡೆ ನುಣ್ಣಗೆ ಇರಬೇಕಿತ್ತು.

ಇಂಥ ಸಮಯದಲ್ಲಿ ನಿವೇದಿತಾ ಬಂದಳು. ದೂರದ ದೊಡ್ಡ ಊರಿನ ಒಂದು ವಾರಪತ್ರಿಕೆಯಲ್ಲಿ ಅವಳಿಗೆ ಕೆಲಸ. ವಾರಕ್ಕೊಂದು ಊರಿಗೆ ಹೋಗಿ, ಅಲ್ಲಿ ಮಕ್ಕಳೊಂದಿಗೆ ಹೋಗಬಹುದಾದ ಒಳ್ಳೆಯ ಪಾರ್ಕುಗಳನ್ನು ಹುಡುಕಿ ಬರೆಯುತ್ತಾಳೆ. ಪರೀಕ್ಷೆ ಮಾಡಲು ಆರು ವರ್ಷದ ಮಗ ಅಚಿಂತ್ಯನೂ ಜೊತೆಯಲ್ಲೇ. ನನ್ನ ಗಂಡನ ಸ್ನೇಹಿತರೊಬ್ಬರ ಮಾತಿನ ಮೇಲೆ ನಮ್ಮ ಮಹಡಿಯ ಕೋಣೆಯನ್ನು ಅವರಿಗೆ ಒಂದು ವಾರಕ್ಕೆ ಕೊಟ್ಟಿದ್ದೆವು. ಬಂದ ಕೆಲಸ ಏನೆಂದು ಅವಳು ಹೇಳಿದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಒಬ್ಬರು ಬಾಯಲ್ಲಿ ಹೊಗಳಿದರೆ ಉಯ್ಯಾಲೆ ಕಿರುಗುಟ್ಟುತ್ತದೆ. ಅಚ್ಚು ಹಾಕಿ ಸಾವಿರಾರು ಮನೆಗೆ ಹಂಚಿದರೆ ಬಂಡೆಯೇ ಪುಡಿಯಾದೀತು.

"ಇಲ್ಲಿ ಮಕ್ಕಳಿಗೆ ಒಳ್ಳೆ ಪಾರ್ಕು ಯಾವ್ದು ವಾರಿಜಾ ಅವರೇ?" ಎಂದು ಅವಳು ಕೇಳಿದಳು.

"ಬನ್ನಿ, ನಾನೇ ತೋರಿಸ್ತೀನಿ" ಎಂದೆ.

ಮೊದಲ ದಿನ ನಂದನವನಕ್ಕೆ ಕರೆದುಕೊಂಡು ಹೋದೆ. ಎರಡು ಲಾರಿಗಳ ನಡುವೆ ನಿಂತು ನಿವೇದಿತಾ ಬೋರ್ಡು ಓದಿದಳು, ಸುತ್ತ ನೋಡಿದಳು, ಮತ್ತೆ ಬೋರ್ಡು ಓದಿದಳು. ಮರುದಿನ ಕೋರ್ಟಿನ ಎದುರಿನ ಪಾರ್ಕು. ಅಲ್ಲಿ ಒಂದು ಮುರಿದ ಏತದಾಟದ ಹಲಗೆ, ಕಕ್ಷಿದಾರರ ಊಟದ ಎಲೆಗಳು. ಆಮೇಲೆ ನೀರಿನ ಟ್ಯಾಂಕಿನ ಕೆಳಗಿನ ಜಾಗ. "ತಿಪ್ಪೆ ಪಾರ್ಕು ಅಂತ ಬೋರ್ಡು ಕಂಡೆನಲ್ಲ" ಎಂದು ಅವಳೇ ಒಮ್ಮೆ ಕೇಳಿದಳು. ನಾನು ನಾತ ಎಂಬಂತೆ ಮೂಗು ಮುಚ್ಚಿಕೊಂಡೆ. ಪಾಪ, ಮತ್ತೆ ಕೇಳಲಿಲ್ಲ. ಎಷ್ಟು ಒಳ್ಳೆಯವಳೆಂದರೆ ಇಷ್ಟಾದರೂ ಒಂದು ಕೊಂಕು ಮಾತಾಡಲಿಲ್ಲ. ಅಚಿಂತ್ಯ ಮಾತ್ರ, "ಅಮ್ಮಾ, ಈ ಊರಲ್ಲಿ ಮಕ್ಕಳೇ ಇಲ್ವಾ?" ಎಂದು ಕೇಳಿದ. ಆ ಮಾತಿಗೆ ನನಗೆ ನಾಚಿಕೆಯಾಯಿತು.

ಆ ತಾಯಿ ಮಗನ ರೀತಿಯೇ ಬೇರೆ. ಹುಡುಗ ಹಾಲು ಕುಡಿದರೆ "ವಾವ್ ಕಂದಾ!", ಚಪ್ಪಲಿ ಹಾಕಿಕೊಂಡರೆ "ಸೂಪರ್ ಕಂದಾ!", ಸೀನಿದ ಮೇಲೆ ಮೂಗು ಒರೆಸಿಕೊಂಡರೂ ಚಪ್ಪಾಳೆ. ಅತ್ತೆ ಕಂಬಕ್ಕೊರಗಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಬೆಳಗಾದ್ರೆ ಇಷ್ಟು ಹೊಗಳಿಸ್ಕೊಂಡೂ ಆ ಮಗು ನೆಟ್ಟಗೆ ನಿಂತಿದೆಯಲ್ಲೇ. ಗಟ್ಟಿ ಪಿಂಡ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಹುಡುಗನೂ ಹಾಗೆಯೇ. ನಮ್ಮ ಬೆಕ್ಕನ್ನು ಹೊಗಳಿದ, ಒರಳುಕಲ್ಲನ್ನು ಹೊಗಳಿದ, ನನ್ನ ಸಾರು ಕುಡಿದು "ಆಂಟಿ, ಯಮ್ಮಿ!" ಎಂದ. ಅತ್ತೆ ಕೂಡಲೇ ಒಲೆಯ ಕಡೆ ತಿರುಗಿ, ಸಾರಿನ ಪರವಾಗಿ ನಾಲ್ಕು ಕೆಟ್ಟ ಮಾತಾಡಿ ಸರಿಮಾಡಿದರು.

ಅವರು ಊರಿಗೆ ಹೊರಡಲು ಎರಡು ದಿನವಿರುವಾಗ ನಡೆಯಬಾರದ್ದು ನಡೆಯಿತು. ನಾನು ದೋಸೆಗೆ ರುಬ್ಬುತ್ತಿದ್ದೆ. ನಿವೇದಿತಾ ಮಹಡಿಯಲ್ಲಿ ಏನೋ ಬರೆಯುತ್ತಿದ್ದಳು. ಚಾರುವಿಗೆ ಆ ಹುಡುಗನ ಸಪ್ಪೆ ಮುಖ ನೋಡಿ ಸಾಕಾಗಿತ್ತೆಂದು ಕಾಣುತ್ತದೆ, ಅವನ ಕೈ ಹಿಡಿದು ತಿಪ್ಪೆ ಪಾರ್ಕಿಗೆ ಕರೆದುಕೊಂಡು ಹೋಗಿಬಿಟ್ಟಳು. "ಅಲ್ಲಿ ಬಾಯಿ ಬಿಡಬಾರ್ದು ಆಯ್ತಾ? ಚೆನ್ನಾಗಿದ್ರೆ ಥೂ ಅನ್ಬೇಕು" ಎಂದು ದಾರಿಯಲ್ಲಿ ಪಾಠ ಮಾಡಿದ್ದಳಂತೆ. ಹುಡುಗ ತಲೆಯಾಡಿಸಿದ್ದ. ಗೇಟು ದಾಟಿದಾಗ ತುಟಿ ಬಿಗಿಹಿಡಿದಿದ್ದ. ಉಯ್ಯಾಲೆಯಲ್ಲಿ ಕೆನ್ನೆ ಉಬ್ಬಿಸಿಕೊಂಡು ತಡೆದುಕೊಂಡಿದ್ದ. ಆದರೆ ಬಂಡೆಯ ಮೇಲಿನಿಂದ ಜಾರಿ, ಕೆಳಗಿನ ಮರಳಿಗೆ ದೊಪ್ಪನೆ ಬಿದ್ದವನೇ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಕೂಗಿದ. "ವಾವ್! ಸೂಪರ್! ಇಡೀ ಪ್ರಪಂಚದಲ್ಲೇ ಬೆಸ್ಟ್ ಪಾರ್ಕು ಇದು!"

ಆ ಕೂಗು ನಮ್ಮ ಅಡುಗೆಮನೆಗೂ ಕೇಳಿಸಿತು. ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಪಾರ್ಕಿನಲ್ಲಿ ಮಕ್ಕಳೆಲ್ಲ ನಿಂತಲ್ಲೇ ನಿಂತಿದ್ದರು. ಅಚಿಂತ್ಯನ ಹಿಂದೆಯೇ ಜಾರಿದ ಹುಡುಗನ ಚಡ್ಡಿ ಪರ್ರನೆ ಹರಿದು, ಅವನು ಹಿಂಭಾಗ ಮುಚ್ಚಿಕೊಂಡು ಮನೆಗೆ ಓಡುತ್ತಿದ್ದ. ಬಂಡೆ ಮುಟ್ಟಿ ನೋಡಿದೆ. ಆಗಲೇ ತರಿತರಿ. ಹೊಂಗೆಯ ಎಲೆಗಳು ಒಂದೊಂದಾಗಿ ಉದುರುತ್ತಿದ್ದವು. ದಿನಾ ಬೆಳಿಗ್ಗೆ "ಇನ್ನೂ ಬದುಕಿದೀಯೇನೇ?" ಎಂದು ಪಾರ್ಕನ್ನು ಮಾತಾಡಿಸಿಯೇ ನೀರು ಬಿಡುವ ಮಾಲಿ ಸಿದ್ದವೀರ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಚಾರು ಅಳುತ್ತಿರಲಿಲ್ಲ. ಬಂಡೆಯನ್ನೇ ನೋಡುತ್ತಿದ್ದಳು. ಅದನ್ನು ನೋಡಲಾರದೆ ನಾನೇ ಅತ್ತುಬಿಟ್ಟೆ.

ನನ್ನ ಹಿಂದೆಯೇ ಓಡಿಬಂದ ನಿವೇದಿತಾ ಗೇಟಿನಲ್ಲಿ ನಿಂತು ಮರ, ಮರಳು, ಉಯ್ಯಾಲೆ, ಮಕ್ಕಳು ಎಲ್ಲವನ್ನೂ ಒಂದು ಸುತ್ತು ನೋಡಿದಳು. ಅವಳ ಮುಖ ಕೆಂಪಾಯಿತು.

"ಇದು ಇಲ್ಲೇ ಇತ್ತಾ? ನಿಮ್ಮ ಮನೆಯಿಂದ ಕೂಗಳತೆಯಲ್ಲಿ? ನೀವು ನಮ್ಮನ್ನ ಲಾರಿ ಸ್ಟ್ಯಾಂಡಿಗೆ ಕರ್ಕೊಂಡು ಹೋದ್ರಿ! ಬೇಕಂತಲೇ ತಾನೇ?"

"ಹೌದು, ಬೇಕಂತಲೇ" ಎಂದೆ. "ನೀವು ಬರೆದ್ರೆ ಇದು ಸಾಯುತ್ತೆ."

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಹೇಳಬಹುದಾದಷ್ಟು ಹೇಳಿದೆ. ನಂಬಲಿಲ್ಲ. ನಾನು ಅವಳ ಕೈ ಹಿಡಿದು ಬಂಡೆಯ ಮೇಲಿಟ್ಟೆ. ನಾವು ನೋಡುತ್ತಿದ್ದ ಹಾಗೆಯೇ ಉಯ್ಯಾಲೆಯ ಸರಪಣಿಗೆ ತುಕ್ಕು ಏರುತ್ತಾ ಹೋಯಿತು. ಅವಳು ಬಂಡೆಯಿಂದ ಕೈ ಹಿಂದಕ್ಕೆಳೆದುಕೊಂಡಳು. ಅಚಿಂತ್ಯ ಬಂದು ಅವಳ ಕಾಲು ತಬ್ಬಿಕೊಂಡು, "ಅಮ್ಮಾ, ನಾನು ಒಳ್ಳೆ ಮಾತೇ ಆಡಿದ್ದು" ಎಂದ.

ನಮ್ಮಲ್ಲಿ ಇದಕ್ಕೆ ಒಂದೇ ಪರಿಹಾರ. ಹೊಗಳಿದ ಬಾಯೇ ಬೈಯಬೇಕು. ಬೇರೆಯವರು ಎಷ್ಟು ಬೈದರೂ ಸೊರಗುವುದು ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಆ ಸಂಜೆ ನಮ್ಮ ಬೀದಿಯ ಹೆಂಗಸರು ಗಂಡಸರು ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕೂತು ಗಂಟಲು ಬಿದ್ದುಹೋಗುವಷ್ಟು ಬೈದರು. ನನ್ನ ಗಂಡ ಯಾರ ಮೇಲೂ ದನಿಯೆತ್ತದವರು, ಅವರೂ ಆಫೀಸಿನಿಂದ ನೇರ ಬಂದು ಟಿಫಿನ್ ಕ್ಯಾರಿಯರ್ ಪಕ್ಕಕ್ಕಿಟ್ಟು ತಮ್ಮ ಪಾಲಿನದನ್ನು ಬೈದರು. ಇತ್ತ ಮನೆಯ ಜಗಲಿಯಲ್ಲಿ ಅತ್ತೆ ಆ ಹುಡುಗನನ್ನು ಎದುರಿಗೆ ಕೂರಿಸಿಕೊಂಡರು.

"ಎಲ್ಲಿ, ಪಾರ್ಕಿಗೆ ಬೈ ನೋಡೋಣ."

ಅಚಿಂತ್ಯ ಯೋಚಿಸಿದ. "ಸಾರಿ ಪಾರ್ಕ್. ನೀನು ಅಷ್ಟೊಂದು ಚೆನ್ನಾಗಿಲ್ಲ."

"ಇದು ಬೈಗುಳವೇನೋ? ಸರ್ಕಾರಿ ನೋಟೀಸು. ಇನ್ನೊಂದು ಸಲ."

"ನೀನು ಸ್ವಲ್ಪ ಇಂಪ್ರೂವ್ ಆಗ್ಬೇಕು."

ಅತ್ತೆ ಹಣೆ ಚಚ್ಚಿಕೊಂಡರು. "ನಿಮ್ಮಮ್ಮ ನಿಂಗೆ ಬೈಯೋವಾಗ ಏನಂತಾಳೆ? ಅದನ್ನೇ ಹೇಳು."

ಹುಡುಗ ಅಮ್ಮನ ಕಡೆ ನೋಡಿದ. ನಿವೇದಿತಾ ತಲೆ ತಗ್ಗಿಸಿದಳು. "ನಾನು ಇವನಿಗೆ ಯಾವತ್ತೂ ಬೈದಿಲ್ಲ ಅಮ್ಮಾ" ಎಂದಳು. ಯಾವುದೋ ತಪ್ಪು ಒಪ್ಪಿಕೊಂಡವಳ ದನಿ ಅದು. ಅತ್ತೆಗೂ ಮರುಕ ಬಂತು. ಬೈಗುಳವನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿಸಲು ಕೂತರು. ದರಿದ್ರ, ಪೀಡೆ, ಹಾಳಾದ್ದು, ಕೋತಿ, ಶನಿ. ಮರುದಿನ ಬೆಳಿಗ್ಗೆ ಅಚಿಂತ್ಯ ಸ್ನಾನ ಮಾಡಿ, ತಲೆ ಬಾಚಿಕೊಂಡು, ಬಂಡೆಯ ಮುಂದೆ ಕೈಕಟ್ಟಿ ನಿಂತು ಅಷ್ಟನ್ನೂ ಒಂದೂ ತಪ್ಪದೆ ಒಪ್ಪಿಸಿದ. ಕೊನೆಯಲ್ಲಿ "ಥ್ಯಾಂಕ್ಯೂ" ಎಂದೂ ಸೇರಿಸಿದ. ಬಂಡೆ ತರಿತರಿಯಾಗಿಯೇ ಇತ್ತು. ಇನ್ನಷ್ಟು ಎಲೆ ಉದುರಿತು.

ಚಾರು ಅವನನ್ನು ದೂರಲಿಲ್ಲ. ಆದರೆ ಆ ಸಂಜೆ ಅವಳು ಮೆಟ್ಟಿಲು ಹತ್ತಲಿಲ್ಲ, "ನಾಳೆ ಜಾರ್ತೀನಮ್ಮಾ" ಎನ್ನಲೂ ಇಲ್ಲ. ಅನ್ನ ಕಲಸುವಾಗ ಅವಳ ಮುಖ ನೋಡಿ ನನಗೆ ಆ ತಾಯಿ ಮಗ ಇಬ್ಬರ ಮೇಲೂ ಸಿಟ್ಟು ಉಕ್ಕಿತು. ಅವರ ತಟ್ಟೆಗೆ ಸಾರು ಬಡಿಸುವಾಗ ಸೌಟು ಕುಕ್ಕಿದೆ. ಅಚಿಂತ್ಯ ತಲೆ ಬಗ್ಗಿಸಿಕೊಂಡು ಊಟ ಮಾಡಿದ. ಅವನು ಏನನ್ನೂ ಹೊಗಳದೆ ಮಾಡಿದ ಮೊದಲ ಊಟ ಅದು, ನೋಡಿ ನನ್ನ ಸಿಟ್ಟೂ ಇಳಿದುಹೋಯಿತು.

ಹೊರಡುವ ದಿನ ಬಂತು. ಮಧ್ಯಾಹ್ನದ ಬಸ್ಸು. ಆಟೋ ಬಂದು ನಿಂತು, ಚೀಲಗಳನ್ನೆಲ್ಲ ಏರಿಸಿದ ಮೇಲೆ ಅಚಿಂತ್ಯ ಹತ್ತಲು ಒಪ್ಪಲಿಲ್ಲ. ಪಾರ್ಕನ್ನು ಒಮ್ಮೆ ನೋಡಿಯೇ ಬರುತ್ತೇನೆಂದು ಹಟ ಹಿಡಿದ. "ಟೈಮಿಲ್ಲ ಕಂದಾ" ಎಂದು ನಿವೇದಿತಾ ಪುಸಲಾಯಿಸಿದಳು. ಅವನು ಕೈ ಕೊಸರಿಕೊಂಡು ಓಡಿಯೇ ಹೋದ. ಅವನ ಹಿಂದೆ ಚಾರು, ಅವಳ ಹಿಂದೆ ನಾವು, ನಮ್ಮ ಹಿಂದೆ ಸೊಂಟ ಹಿಡಿದುಕೊಂಡು ಅತ್ತೆ, ಬಾಡಿಗೆ ಎಲ್ಲಿ ತಪ್ಪುತ್ತದೋ ಎಂದು ಆಟೋದವನೂ.

ಹುಡುಗ ಬಂಡೆಯ ಮುಂದೆ ನಿಂತಿದ್ದ. ಕೈಕಟ್ಟಿರಲಿಲ್ಲ. ಮುಖ ಊದಿಕೊಂಡು ಕೆಂಪಾಗಿತ್ತು.

"ಹೋಗು! ಕೆಟ್ಟ ಪಾರ್ಕೇ!" ಎಂದು ಕಿರುಚಿದ. "ನೀನು ನಮ್ಮನೆ ಹತ್ರ ಯಾಕಿಲ್ಲ? ನಮ್ಮನೆ ಹತ್ರ ಇದ್ದಿದ್ರೆ ನಿಂಗೇನು ಹೋಗ್ತಿತ್ತು? ನಾನು ಬಂದಾಗ್ಲೇ ಹುಷಾರು ತಪ್ಪಬೇಕಿತ್ತಾ? ಒಂದೇ ಸಲ ಜಾರಿದ್ದು ನಾನು! ಒಂದೇ ಸಲ! ನಾನು ಊರಿಗೆ ಹೋಗ್ತಾ ಇದೀನಿ, ನೀನು ಟಾಟಾನೂ ಮಾಡಲ್ಲ. ಚಾರು ಇನ್ನೂ ಜಾರೇ ಇಲ್ಲ, ಅವಳಿಗೂ ಕೊಡಲ್ಲ. ಹಾಳಾದ್ದೇ! ಕೋತಿ! ನನ್ನ ಕನಸಲ್ಲಿ ಬಂದ್ರೆ ನಾನು ಮಾತಾಡ್ಸಲ್ಲ ನೋಡು!" ಹೀಗೆ ಹೇಳುತ್ತಾ ಬಂಡೆಗೆ ಎರಡು ಏಟು ಹಾಕಿ, ಅದಕ್ಕೇ ಒರಗಿ ಬಿಕ್ಕಿ ಬಿಕ್ಕಿ ಅತ್ತ.

ಅತ್ತೆಯ ಕಣ್ಣು ಹೊಳೆಯುತ್ತಿತ್ತು. "ಥೂ, ಏನು ಹೊಲಸು ಬಾಯಿ ಕಲ್ತಿದೆ ಈ ಮಗು" ಎಂದು ಹೆಮ್ಮೆಯಿಂದ ಹೇಳಿದರು.

ಹೊಂಗೆ ಮರ ಎಲೆ ಉದುರಿಸುವುದನ್ನು ನಿಲ್ಲಿಸಿತ್ತು. ಮಾಲಿ ಸಿದ್ದವೀರ ಬಂದು ಬಂಡೆಯ ಮೇಲೆ ಅಂಗೈಯಾಡಿಸಿ, "ಏನೋ ಗೊತ್ತಾಗ್ತಿಲ್ಲ ಕಣವ್ವಾ, ನನ್ನ ಕೈಯೇ ಒರಟು. ಯಾರಾದ್ರೂ ಜಾರಿ ನೋಡ್ಬೇಕು" ಎಂದ. ಹರಿದ ಚಡ್ಡಿಯ ನೆನಪು ಎಲ್ಲರಿಗೂ ಇತ್ತು. ಅಲ್ಲಿದ್ದ ಹುಡುಗರು ಒಬ್ಬರ ಹಿಂದೆ ಒಬ್ಬರು ಸರಿದುಕೊಂಡರು.

ಚಾರು ಮೆಟ್ಟಿಲು ಹತ್ತತೊಡಗಿದಳು.

ನಾನು ಮರಳಿನ ಹತ್ತಿರಕ್ಕೆ ಸರಿದು ನಿಂತೆ. ಅವಳು ತುದಿಯಲ್ಲಿ ಕೂತು, ಫ್ರಾಕನ್ನು ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಂಡು, ಕೆಳಗೆ ನೋಡಿದಳು. ದಿನಾ ನೋಡುವಷ್ಟೇ ಹೊತ್ತು ನೋಡಿದಳು. ಆಮೇಲೆ "ಅಚ್ಚೂ, ನೋಡೋ!" ಎಂದು ಕೂಗಿ ಕೈಬಿಟ್ಟಳು. ಸುಂಯ್ಯೆಂದು ಬಂದು ಮರಳಿಗೆ ಬಿದ್ದು, ಎದ್ದು, ಹಿಂದೆ ತಿರುಗಿ ತನ್ನ ಫ್ರಾಕು ನೋಡಿಕೊಂಡಳು. ಒಂದು ಎಳೆಯೂ ಹರಿದಿರಲಿಲ್ಲ.

ಅಚಿಂತ್ಯ ಕಣ್ಣೊರೆಸಿಕೊಂಡು, ಎರಡೂ ಕೈ ಮೇಲೆತ್ತಿ, "ವಾ..." ಎಂದು ಬಾಯಿ ತೆರೆದ. ನಿವೇದಿತಾ ಹಾರಿಬಂದು ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಹಾಗೇ ಹಿಡಿದುಕೊಂಡು ಚಾರುವಿನ ಕಡೆ ತಿರುಗಿದಳು. ಪಾಪ, ಅವಳಿಗೂ ಅಭ್ಯಾಸವಿಲ್ಲ, ಮಾತಿಗೆ ತಡಕಾಡಿದಳು.

"ಏನೇ ಇದು ಚಾರೂ... ಮೂಟೆ ಉರುಳಿದ ಹಾಗೆ. ಫ್ರಾಕೆಲ್ಲ ಮಣ್ಣು. ಇದನ್ನ ಯಾರು ಒಗೀಬೇಕು?"

ಚಾರು ಹಲ್ಲು ಬಿಟ್ಟು ನಕ್ಕಳು. ನಾನು ಹೊಂಗೆ ಮರದ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡೆ. ಆಟೋದವನು ಹಾರ್ನ್ ಮಾಡದಿದ್ದರೆ ಅವರಿಗೆ ಬಸ್ಸು ತಪ್ಪುತ್ತಿತ್ತು.

ಹೋಗುವಾಗ ನಿವೇದಿತಾ ಲೇಖನದ ಬಗ್ಗೆ ಏನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆದರೆ ಒಳಗೊಳಗೇ ಭಯ. ಅವಳ ಕೆಲಸವೇ ಹೊಗಳುವುದು, ಅದಕ್ಕೇ ಸಂಬಳ ಬರುವುದು. ಕೆಲವು ವಾರಗಳಾದ ಮೇಲೆ ಅಂಚೆಯಲ್ಲಿ ಪತ್ರಿಕೆ ಬಂತು. ಒಬ್ಬಳೇ ಓದಲು ಧೈರ್ಯವಾಗದೆ ಅದನ್ನು ಪಾರ್ಕಿಗೇ ತೆಗೆದುಕೊಂಡು ಹೋದೆ. ಸಾಯುವುದಾದರೆ ಅದರ ಎದುರಿಗೇ ತಿಳಿಯಲಿ ಎಂದುಕೊಂಡೆ. ಬೀದಿಯವರೆಲ್ಲ ಬೆಂಚಿನ ಸುತ್ತ ಸೇರಿದರು. ಅತ್ತೆ ಮುಂದಿನ ಸಾಲಿನಲ್ಲಿ ಕೂತರು. ನಾನು ಪುಟ ಬಿಡಿಸಿ ಓದತೊಡಗಿದೆ.

"ಈ ಊರಿನಲ್ಲಿ ತಿಪ್ಪೆ ಪಾರ್ಕು ಎಂಬ ಒಂದು ಜಾಗವಿದೆ. ಮಕ್ಕಳಿರುವವರು ಅದರ ಹತ್ತಿರವೂ ಸುಳಿಯಬೇಡಿ. ಅಲ್ಲಿನ ಬಂಡೆಯಿಂದ ನನ್ನ ಮಗ ಜಾರಿದ್ದು ಒಂದೇ ಸಲ. ಅಂದಿನಿಂದ ನಮ್ಮ ಮನೆಯ ಹತ್ತಿರದ ಯಾವ ಜಾರುಬಂಡೆಯನ್ನೂ ಅವನು ಮುಟ್ಟುತ್ತಿಲ್ಲ. ಅಲ್ಲಿನ ಹೊಂಗೆಯ ನೆರಳಿನಲ್ಲಿ ಕೂತರೆ ಬಸ್ಸು ತಪ್ಪುತ್ತದೆ. ಮಕ್ಕಳು ಅತ್ತು ಹಟಮಾಡಿ ಮಾನ ಕಳೆಯುತ್ತಾರೆ. ಇಂಥ ದರಿದ್ರವಾದ, ಹಾಳಾದ, ಶನಿ ಹಿಡಿದ ಪಾರ್ಕನ್ನು ನನ್ನ ಕೆಲಸದಲ್ಲಿ ಇದುವರೆಗೂ ಕಂಡಿಲ್ಲ."

ಯಾರೋ ಮೂಗೆಳೆದುಕೊಂಡರು. ಸಿದ್ದವೀರ ತಲೆಯ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಉಯ್ಯಾಲೆ ಸದ್ದಿಲ್ಲದೆ ತೂಗುತ್ತಿತ್ತು. ನಾನು ಮುಂದೆ ಓದಿದೆ.

"ಈ ಪಾರ್ಕಿನ ಪಕ್ಕದಲ್ಲಿ ವಾರಿಜಾ ಎಂಬವರ ಮನೆಯಿದೆ. ಅವರು ದೊಡ್ಡ ಸುಳ್ಳುಗಾರ್ತಿ. ಅವರ ಅತ್ತೆಯಂಥ ಬಾಯಿ ಶತ್ರುವಿಗೂ ಬೇಡ. ಅವರ ಮನೆಯಲ್ಲಿ ಸಾರು ಕುಡಿದು ಬಂದ ಮೇಲೆ ನನ್ನ ಮಗ ನಾನು ಮಾಡಿದ ಸಾರನ್ನು ತಟ್ಟೆಯಲ್ಲೇ ಬಿಡುತ್ತಿದ್ದಾನೆ. ಅಂಥ ಸಾರು ಅದು. ಯಾರೂ..."

ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ಅಕ್ಷರಗಳು ಕಾಣಲಿಲ್ಲ.

"ಓದೇ, ಯಾಕೆ ನಿಲ್ಲಿಸ್ದೆ?" ಎಂದರು ಅತ್ತೆ. "ಸಾರಿನ ವಿಷಯ ನಿಜಾನೇ ಬರ್ದಿದಾಳಲ್ಲ."

ಹೇಳಿದವರೇ, ಹೊಗಳಿದಂತಾಯಿತಲ್ಲ ಎಂದು ತಟ್ಟನೆ ನಾಲಿಗೆ ಕಚ್ಚಿಕೊಂಡರು. ಬೀದಿಯವರೆಲ್ಲ ಬೇರೆ ಬೇರೆ ಕಡೆ ನೋಡಿದರು. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಉಳಿದದ್ದನ್ನು ಹೇಗೋ ಓದಿ ಮುಗಿಸಿದೆ. ಚಾರು ಅಷ್ಟರಲ್ಲಿ ಎಷ್ಟು ಸಲ ಜಾರಿದ್ದಳೋ, ಫ್ರಾಕಿನ ಬಣ್ಣವೇ ತಿಳಿಯುತ್ತಿರಲಿಲ್ಲ.

ಆ ದಿನ ಸಂಜೆ ಮಾಡಿದ ಸಾರು ಕೆಟ್ಟುಹೋಯಿತು. ಉಪ್ಪು ಎರಡು ಸಲ ಬಿದ್ದಿತ್ತೋ, ಹುಣಸೆಹಣ್ಣು ಹೆಚ್ಚಾಗಿತ್ತೋ, ನನ್ನ ಮನಸ್ಸು ಒಲೆಯ ಮುಂದೆ ಇರಲಿಲ್ಲವೋ, ಏನೋ. ನನ್ನ ಗಂಡ ಒಂದು ತುತ್ತು ಬಾಯಿಗಿಟ್ಟು ತಲೆ ತಗ್ಗಿಸಿದರು. ಚಾರು ಮೊಸರಿನ ಕಡೆ ಕೈ ಚಾಚಿದಳು. ಇಬ್ಬರೂ ಒಂದು ಮಾತಾಡಲಿಲ್ಲ. ಆ ಮನೆಗೆ ಬಂದಾಗಿನಿಂದ ನನ್ನ ಸಾರಿಗೆ ಯಾರೂ ಬೈಯದೆ ಇದ್ದದ್ದು ಅದೇ ಮೊದಲು.

ಅತ್ತೆ ಸಾರನ್ನು ನಿಧಾನವಾಗಿ ಕುಡಿದರು. ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಶುರುವಾಯಿತು. "ಇದೇನೇ ವಾರಿಜಾ, ಕಲಗಚ್ಚು! ಕಲಗಚ್ಚಾದ್ರೂ ವಾಸಿ, ಎಮ್ಮೆ ಕುಡಿಯುತ್ತೆ. ಇದು ದರಿದ್ರ ಸಾರು, ಪೀಡೆ ಸಾರು. ಇಷ್ಟು ವರ್ಷ ನನ್ನ ನಾಲಿಗೆ ಹಾಳುಮಾಡಿದೀಯಾ ನೀನು, ಬೇರೆಯವರ ಮನೆಯಲ್ಲಿ ಒಂದು ತುತ್ತು ಇಳಿಯಲ್ಲ ನಂಗೆ. ಮಗಳ ಮನೆಗೆ ಹೋದ್ರೂ ಎರಡು ದಿನ ನಿಲ್ಲೋಕಾಗಲ್ಲ. ಯಾವ ಜನ್ಮದ ಶನಿಯೇ ನೀನು!" ಅವರು ಅಷ್ಟು ಹೊತ್ತು, ಅಷ್ಟು ಜೋರಾಗಿ, ತಿಪ್ಪೆ ಪಾರ್ಕನ್ನೂ ಬೈದಿರಲಿಲ್ಲ. ಬೀದಿಗೆಲ್ಲ ಕೇಳಿಸುತ್ತಿತ್ತು. ನಾನು ಸೌಟು ಹಿಡಿದು ನಿಂತೇ ಇದ್ದೆ.

ಹೊಗಳಿದ ಬಾಯೇ ಬೈಯಬೇಕಲ್ಲ.

ಬೈದು ಬೈದು ಸುಸ್ತಾಗಿ ಅತ್ತೆ ಬಟ್ಟಲನ್ನು ನನ್ನ ಕಡೆ ತಳ್ಳಿದರು. ನಾನು ಇನ್ನೊಂದು ಸೌಟು ಬಡಿಸಿದೆ.